ಪಂಚಾಯತ್ ಹಣದಲ್ಲಿ ಊರಿನ ಪಾಲು

ವೃಶ್ಚಿಕ ಮಾಸದ ಹುಣ್ಣಿಮೆಗೆ ಕೋಟೇಶ್ವರದಲ್ಲಿ ಕೊಡಿ ಹಬ್ಬ. ಕೋಟಿಲಿಂಗೇಶ್ವರನ ರಥ ನೋಡಲು, ಹೊಸದಾಗಿ ಮದುವೆಯಾದವರು ಕಬ್ಬಿನ ಕೊಡಿ ಕೊಂಡೊಯ್ಯಲು ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಗಳಿಂದೆಲ್ಲ ಜನ ಬರುತ್ತಾರೆ. ಅಂಗಡಿಗಳು ಸಾಲುಗಟ್ಟುತ್ತವೆ, ವಾಹನಗಳಿಗೆ ಜಾಗ ಸಾಲುವುದಿಲ್ಲ. ಇಷ್ಟು ಜನಕ್ಕೆ ಕುಡಿಯುವ ನೀರು ಬೇಕು, ಶೌಚಾಲಯ ಬೇಕು, ಬೆಳಕು ಬೇಕು. ಜಾತ್ರೆ ಕಳೆದ ಮೇಲೆ ಪ್ಲಾಸ್ಟಿಕ್ಕನ್ನೂ ಕಬ್ಬಿನ ಸಿಪ್ಪೆಯನ್ನೂ ಎತ್ತುವ ಕೈಗಳು ಬೇಕು. ಇದಕ್ಕೆಲ್ಲ ದುಡ್ಡು ಎಲ್ಲಿಂದ ಬರಬೇಕು? 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಇದಕ್ಕೊಂದು ದಾರಿ ಇಟ್ಟಿದೆ. ಜಾತ್ರೆ, ಉತ್ಸವಗಳಿಗೆ ನೀರು ಮತ್ತು ನೈರ್ಮಲ್ಯದ ವ್ಯವಸ್ಥೆ ಮಾಡಿದ ಗ್ರಾಮ ಪಂಚಾಯತ್ ಅಲ್ಲಿಗೆ ಬಂದವರಿಂದ ಯಾತ್ರಿಕರ ಶುಲ್ಕ ಪಡೆಯಬಹುದು. ಇಂಥದೊಂದು ಅಧಿಕಾರ ತಮ್ಮ ಪಂಚಾಯತ್‌ಗೆ ಇದೆ ಎಂಬುದು ಜಾತ್ರೆಗೆ ಬಂದವರಿಗೆ ಬಿಡಿ, ಊರವರಲ್ಲೇ ಎಷ್ಟು ಮಂದಿಗೆ ಗೊತ್ತು?

ಪಂಚಾಯತ್ ಹಣದ ಮಾತು ಬಂದಾಗ ನಮ್ಮ ಕಡೆ ಕೇಳಿಬರುವ ದೂರು ಎರಡೇ. ಒಂದು, ಅನುದಾನ ಸಾಲುವುದಿಲ್ಲ. ಇನ್ನೊಂದು, ಬಂದ ಅನುದಾನವನ್ನು ತಿನ್ನುತ್ತಾರೆ. ಎರಡರಲ್ಲೂ ಸತ್ಯಾಂಶ ಇದೆ. ಆದರೆ ಎರಡೂ ಹಣ ಮೇಲಿನಿಂದ ಬರುವಂಥದ್ದು ಎಂದು ಒಪ್ಪಿಕೊಂಡೇ ಮಾತು ಶುರುಮಾಡುತ್ತವೆ. ಪಂಚಾಯತ್ ಖರ್ಚು ಮಾಡುವ ಹಣದಲ್ಲಿ ಊರೇ ಎತ್ತಿದ್ದೆಷ್ಟು, ಊರೇ ತೀರ್ಮಾನಿಸಿ ಖರ್ಚು ಮಾಡಬಹುದಾದ್ದೆಷ್ಟು ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ನನ್ನ ವಾದ ಜನಪ್ರಿಯವಾಗುವಂಥದ್ದಲ್ಲ: ಕೋಟೇಶ್ವರದಂಥ ಊರುಗಳಲ್ಲಿ ಮನೆ ತೆರಿಗೆ ಹೆಚ್ಚಬೇಕು, ಬಾಕಿ ಇಲ್ಲದಂತೆ ವಸೂಲಾಗಬೇಕು, ಆ ಹಣದ ಲೆಕ್ಕ ಪ್ರತಿವರ್ಷ ಜನರ ಎದುರು ಬಿಚ್ಚಿಕೊಳ್ಳಬೇಕು. ಇದಾಗದೆ ಗ್ರಾಮ ಸ್ವರಾಜ್ಯದ ಮಾತು ಭಾಷಣದಲ್ಲೇ ಉಳಿಯುತ್ತದೆ.

ಮೊದಲು ಒಟ್ಟು ಚಿತ್ರ ನೋಡೋಣ. ಪಂಚಾಯತ್‌ಗಳ ಹಣಕಾಸಿನ ಬಗ್ಗೆ ಭಾರತೀಯ ರಿಸರ್ವ್ ಬ್ಯಾಂಕ್ 2024ರ ಜನವರಿಯಲ್ಲಿ ಒಂದು ವರದಿ ಹೊರತಂದಿತು. ಅದರ ಪ್ರಕಾರ 2022-23ರಲ್ಲಿ ದೇಶದ ಒಂದು ಪಂಚಾಯತ್‌ಗೆ ಸರಾಸರಿಯಾಗಿ ಬಂದ ಆದಾಯ ಸುಮಾರು 21 ಲಕ್ಷ ರೂಪಾಯಿ. ಅದರಲ್ಲಿ ಕೇಂದ್ರದ ಅನುದಾನ 17 ಲಕ್ಷ, ರಾಜ್ಯದ್ದು ಮೂರೂಕಾಲು ಲಕ್ಷ. ಪಂಚಾಯತ್ ತಾನೇ ಎತ್ತಿದ ತೆರಿಗೆ ಬರೀ 21 ಸಾವಿರ; ಶುಲ್ಕ, ಬಾಡಿಗೆ ಮುಂತಾದ ತೆರಿಗೆಯೇತರ ಆದಾಯ 73 ಸಾವಿರ. ಕರ್ನಾಟಕದ ಗ್ರಾಮ ಪಂಚಾಯತ್‌ಗಳು ಉತ್ತರದ ಹಲವು ರಾಜ್ಯಗಳಲ್ಲಿರುವುದಕ್ಕಿಂತ ದೊಡ್ಡವು, ತೆರಿಗೆ ವಸೂಲಿಯಲ್ಲೂ ವಾಸಿ. ಹೆದ್ದಾರಿ ಬದಿಯ ಕೋಟೇಶ್ವರವನ್ನು ಆ ಸರಾಸರಿಯಿಂದ ಅಳೆಯುವುದು ತಪ್ಪಾದೀತು. ಆದರೂ ದೇಶದ ಪಂಚಾಯತ್‌ಗಳು ಯಾರ ಹಣದಲ್ಲಿ ನಡೆಯುತ್ತಿವೆ ಎಂಬುದನ್ನು ಈ ಅಂಕಿಗಳು ಮುಚ್ಚುಮರೆಯಿಲ್ಲದೆ ಹೇಳುತ್ತವೆ.

ಪರರ ಹಣ ಪರರ ಷರತ್ತಿನೊಂದಿಗೆ ಬರುತ್ತದೆ. 14ನೇ ಹಣಕಾಸು ಆಯೋಗದ ಕಾಲದಲ್ಲಿ, ಅಂದರೆ 2015ರಿಂದ 2020ರವರೆಗೆ, ಕೇಂದ್ರದ ಅನುದಾನವೆಲ್ಲ ಗ್ರಾಮ ಪಂಚಾಯತ್‌ಗಳಿಗೇ ಬರುತ್ತಿತ್ತು. 15ನೇ ಆಯೋಗ ತಾಲೂಕು ಮತ್ತು ಜಿಲ್ಲಾ ಪಂಚಾಯತ್‌ಗಳಿಗೂ ಪಾಲು ಕೊಟ್ಟಿತು. ಜತೆಗೆ 2021-22ರಿಂದ ಶೇ 60ರಷ್ಟು ಹಣವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಿತು. ಉಳಿದ ಶೇ 40 ಮಾತ್ರ ಮುಕ್ತವಾಗಿತ್ತು. ಈ ಕಟ್ಟುಪಾಡನ್ನು ಬರೇ ದಬ್ಬಾಳಿಕೆ ಎಂದು ತಳ್ಳಿಹಾಕುವಂತಿಲ್ಲ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಈ ಕರಾವಳಿಯಲ್ಲಿ ಏಪ್ರಿಲ್-ಮೇ ಬಂದರೆ ಬಾವಿಯ ತಳ ಕಾಣುತ್ತದೆ; ಕಡಲು, ಹೊಳೆಯಂಚಿನ ಬಾವಿಗಳಲ್ಲಿ ಉಪ್ಪುನೀರು. ನೀರಿಗೆಂದು ಹಣ ಕಟ್ಟಿಡದೆ ಹೋಗಿದ್ದರೆ ಅದರಲ್ಲಿ ಬಹುಪಾಲು ಕಾಂಕ್ರೀಟ್ ರಸ್ತೆಯಾಗಿ ಬಿಡುತ್ತಿತ್ತು ಎಂಬ ಅನುಮಾನ ನ್ಯಾಯವಾದದ್ದೇ. ತ್ಯಾಜ್ಯದ ವಿಷಯದಲ್ಲೂ ಹೀಗೇ. ವಂಡ್ಸೆಯ ಘನ-ದ್ರವ ಸಂಪನ್ಮೂಲ ನಿರ್ವಹಣಾ (ಎಸ್‌ಎಲ್‌ಆರ್‌ಎಂ) ಘಟಕ, ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ಹಲವು ಪಂಚಾಯತ್‌ಗಳ ಒಣಕಸವನ್ನು ಒಟ್ಟಿಗೆ ವಿಂಗಡಿಸುವ ಘಟಕ ಇವೆಲ್ಲ ನೈರ್ಮಲ್ಯಕ್ಕೆ ಮೇಲಿನಿಂದ ಒತ್ತು ಬಿದ್ದ ಕಾಲದಲ್ಲೇ ಹುಟ್ಟಿದವು.

ತೊಂದರೆ ಇರುವುದು ಬೇರೆ ಕಡೆ. ದೆಹಲಿಯಲ್ಲಿ ಕುಳಿತು ಹಾಕಿದ ತಲೆಬರಹ ರಾಜಸ್ಥಾನದ ಹಳ್ಳಿಗೂ ಕುಂದಾಪುರದ ಹಳ್ಳಿಗೂ ಒಂದೇ. ಇಲ್ಲಿಯ ಗರಜು ಆ ತಲೆಬರಹದೊಳಗೆ ಹಿಡಿಸದಿದ್ದರೆ ಅದು ಕ್ರಿಯಾಯೋಜನೆಯಿಂದಲೇ ಹೊರಗುಳಿಯುತ್ತದೆ. ಕಾಲುಸಂಕದ ಕಥೆ ಇದಕ್ಕೆ ಸಾಕ್ಷಿ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲೂಕಿನ ಕಾಲ್ತೋಡಿನಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಎರಡನೇ ತರಗತಿಯ ಬಾಲಕಿ ಕಾಲುಸಂಕದಿಂದ ಜಾರಿ ತುಂಬಿ ಹರಿಯುವ ನೀರಿಗೆ ಬಿದ್ದು ತೀರಿಕೊಂಡಳು. ಸುದ್ದಿ ರಾಜ್ಯವನ್ನೇ ಕಲಕಿತು; ಅಧಿಕಾರಿಗಳು, ಜನಪ್ರತಿನಿಧಿಗಳು ಬಂದುಹೋದರು. ಆದರೆ ಮಳೆಗಾಲದಲ್ಲಿ ಮರದ ದಿಮ್ಮಿ, ಅಡಿಕೆ ಮರ ಹಾಸಿ ತೋಡು ದಾಟುವುದು ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಒಳನಾಡಿನಲ್ಲಿ ಹೊಸದಲ್ಲ. ಅಪಾಯದ ಸಂಕ ಯಾವುದು, ಅದನ್ನು ದಾಟುವ ಮಕ್ಕಳೆಷ್ಟು ಎಂಬುದು ಆಯಾ ವಾರ್ಡಿನ ಎಲ್ಲರಿಗೂ ಗೊತ್ತಿರುವ ವಿಚಾರ.

ಗೊತ್ತಿದ್ದೂ ಏಕೆ ಆಗುವುದಿಲ್ಲ? ನೀರು-ನೈರ್ಮಲ್ಯದ ಅನುದಾನದಲ್ಲಿ ಸಂಕ ಕಟ್ಟುವಂತಿಲ್ಲ. ಉದ್ಯೋಗ ಖಾತರಿ ಯೋಜನೆಯಲ್ಲಿ ಸಾಮಗ್ರಿಯ ಖರ್ಚು ಶೇ 40 ಮೀರಬಾರದೆಂಬ ನಿಯಮವಿತ್ತು. ಕಾಂಕ್ರೀಟ್ ಸಂಕದಲ್ಲಿ ಕೂಲಿಗಿಂತ ಸಿಮೆಂಟು, ಕಬ್ಬಿಣಕ್ಕೇ ಹೆಚ್ಚು ಹಣ. ಅದೂ ಅಲ್ಲದೆ 2024-25ರಲ್ಲಿ ಆ ಯೋಜನೆ ಕರ್ನಾಟಕದಲ್ಲಿ ಕೊಡುತ್ತಿದ್ದ ದಿನಗೂಲಿ 349 ರೂಪಾಯಿ. ಅಷ್ಟಕ್ಕೆ ನಮ್ಮ ತೋಟದ ಕೆಲಸಕ್ಕೆ ಗಂಡಾಳು ಸಿಗುವುದಿಲ್ಲ. ರಾಜ್ಯದಿಂದ ಬರುವ ಹಣದಲ್ಲಿ ದೊಡ್ಡ ಪಾಲು ಸಿಬ್ಬಂದಿಯ ಸಂಬಳಕ್ಕೆ, ಬೀದಿದೀಪ ಮತ್ತು ಪಂಪುಗಳ ಮೆಸ್ಕಾಂ ಬಿಲ್ಲಿಗೆ ಹೋಗುತ್ತದೆ. ಕೊನೆಗೆ ಉಳಿಯುವುದು ಶಾಸಕರ ಬಾಗಿಲು. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಇಡೀ ಕ್ಷೇತ್ರಕ್ಕೆ. ಅದರಲ್ಲಿ ನಮ್ಮ ಸಂಕಕ್ಕೆ ಸರದಿ ಬಂದರೆ ಬಂತು. ಬಂದರೆ ಫ್ಲೆಕ್ಸ್ ಕೂಡ ಬರುತ್ತದೆ. ಹಕ್ಕಾಗಿ ಆಗಬೇಕಾದ ಕೆಲಸ ಉಪಕಾರವಾಗಿ ಬರುವುದು ಹೀಗೆ.

ಇನ್ನು ಕೇಂದ್ರದ ಅನುದಾನದಲ್ಲಿ ಮುಕ್ತವಾಗಿರುವ ಹಣ ಏನಾಗುತ್ತದೆ? ಕಾಯ್ದೆಯ ಪ್ರಕಾರ ಸುಮಾರು 400 ಜನಕ್ಕೊಬ್ಬ ಸದಸ್ಯ. ಹಾಗಾಗಿ ದೊಡ್ಡ ಪಂಚಾಯತ್‌ಗಳಲ್ಲಿ ಸದಸ್ಯರ ಸಂಖ್ಯೆಯೂ ದೊಡ್ಡದು. ಹಣವನ್ನು ಸದಸ್ಯರಿಗೆ ಇಷ್ಟಿಷ್ಟೆಂದು ಸಮನಾಗಿ ಹಂಚಿಬಿಡುವುದು ಜಗಳ ತಪ್ಪಿಸುವ ಸುಲಭದ ಉಪಾಯ. ರಾಜ್ಯದ ಎಷ್ಟೋ ಕಡೆ ನಡೆಯುವುದೂ ಅದೇ. ಒಂದೊಂದು ವಾರ್ಡಿಗೂ ಒಂದೊಂದು ತುಂಡು ಗುತ್ತಿಗೆ. ಇಲ್ಲಿ ಮೂವತ್ತು ಮೀಟರ್ ಕಾಂಕ್ರೀಟ್, ಅಲ್ಲಿ ಒಂದಿಷ್ಟು ಚರಂಡಿ, ಮತ್ತೊಂದೆಡೆ ದೇವಸ್ಥಾನದ ಎದುರು ಇಂಟರ್‌ಲಾಕ್. ಸಮಪಾಲು ಎಂಬುದು ಕೇಳಲು ನ್ಯಾಯವೆನಿಸುತ್ತದೆ. ಆದರೆ ಗರಜು ಸಮಪಾಲಿನಲ್ಲಿ ಹುಟ್ಟುವುದಿಲ್ಲ. ಹೆದ್ದಾರಿ ಬದಿಯ ವಾರ್ಡಿಗೂ ಹೊಳೆಯಾಚೆಯ ವಾರ್ಡಿಗೂ ಒಂದೇ ಮೊತ್ತ ಕೊಟ್ಟರೆ ಎರಡನೆಯದಕ್ಕೆ ಅನ್ಯಾಯವೇ ಆಗುತ್ತದೆ. ಇಡೀ ಪಂಚಾಯತ್ ಕೂತು, ಈ ವರ್ಷ ಎಲ್ಲ ಹಣ ಎರಡು ಸಂಕಕ್ಕೆ, ಮುಂದಿನ ವರ್ಷ ನೀರಿನ ಟ್ಯಾಂಕಿಗೆ ಎಂದು ತೀರ್ಮಾನಿಸಲು ಧೈರ್ಯ ಬೇಕು. ಜನ ಕೇಳುತ್ತಾರೆ, ಜನಕ್ಕೆ ಉತ್ತರ ಕೊಡಬೇಕು ಎಂಬ ಅರಿವು ಇದ್ದಲ್ಲಿ ಮಾತ್ರ ಆ ಧೈರ್ಯ ಬರುತ್ತದೆ.

ಇಲ್ಲಿ ಮನೆ ತೆರಿಗೆಯ ಮಾತು ಬರುತ್ತದೆ. ಕೃಷಿ ಕಂದಾಯಕ್ಕೆ ಒಳಪಡದ ಕಟ್ಟಡ ಮತ್ತು ಜಾಗಗಳ ಮೇಲೆ ತೆರಿಗೆ, ನೀರಿನ ಕರ, ಜಾಹೀರಾತು ಫಲಕ, ಸಂತೆ, ಬಸ್ ನಿಲ್ದಾಣಗಳ ಶುಲ್ಕ ಹೀಗೆ ಗ್ರಾಮ ಪಂಚಾಯತ್‌ಗೆ ಕಾಯ್ದೆ ಕೊಟ್ಟ ದಾರಿಗಳು ಹಲವು. ಹೀಗೆ ಬಂದದ್ದು ‘ಸ್ವಂತ ನಿಧಿ’. ಇದಕ್ಕೂ ಕೆಲವು ಕಟ್ಟುಪಾಡು ಇವೆ. ಸುಮಾರು ಕಾಲುಭಾಗ ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ 5 ವಿಕಲಚೇತನರಿಗೆ ಮೀಸಲಿಡಬೇಕು. ಅಷ್ಟು ತೆಗೆದಿಟ್ಟ ಮೇಲೆ ಉಳಿದದ್ದನ್ನು ಸಂಕಕ್ಕೋ ಕಸಕ್ಕೋ ಗ್ರಂಥಾಲಯಕ್ಕೋ ಹಾಕುವ ತೀರ್ಮಾನ ಊರಿನದು.

ಈ ತೆರಿಗೆಗೆ ನೆಲೆ ನಮ್ಮಲ್ಲಿ ಇಲ್ಲವೆಂದಲ್ಲ. ಬೆಂಗಳೂರು, ಮುಂಬಯಿಯ ಹೋಟೆಲ್ ಉದ್ಯಮದಲ್ಲಿ, ಗಲ್ಫ್ ದೇಶಗಳಲ್ಲಿ ದುಡಿದ ಹಣ ಕುಂದಾಪುರ ಸೀಮೆಯಲ್ಲಿ ಮನೆಯಾಗಿ ನಿಂತಿದೆ. ಅವುಗಳಲ್ಲಿ ಎಷ್ಟೋ ಮನೆಗಳ ಬಾಗಿಲು ತೆರೆಯುವುದು ಹಬ್ಬಕ್ಕೆ, ಮೇ ತಿಂಗಳ ರಜೆಗೆ, ನಾಗನ ಪೂಜೆಗೆ ಮಾತ್ರ. ರಾಷ್ಟ್ರೀಯ ಹೆದ್ದಾರಿ 66ರ ಎರಡೂ ಬದಿ ಸಭಾಭವನ, ವಸತಿಗೃಹ, ಶೋರೂಮು, ಶಾಲೆ ಕಟ್ಟಡಗಳು. ಊರಿನ ರಸ್ತೆ, ಬೀದಿದೀಪ, ಚರಂಡಿಯಿಂದಾಗಿ ಈ ಆಸ್ತಿಗಳ ಬೆಲೆ ಏರುತ್ತದೆ. ಆ ಏರಿಕೆಯಲ್ಲಿ ಊರಿಗೊಂದು ಪಾಲು ಸಲ್ಲಬೇಡವೇ? ಒಂದು ಲೆಕ್ಕ ಕಲ್ಪಿಸಿಕೊಳ್ಳೋಣ. ಮೂರು ಸಾವಿರ ಕಟ್ಟಡಗಳಿರುವ ಪಂಚಾಯತ್‌ನಲ್ಲಿ ಕಟ್ಟಡಕ್ಕೆ ಸರಾಸರಿ ವರ್ಷಕ್ಕೆ 500 ರೂಪಾಯಿ ಹೆಚ್ಚುವರಿ ಬಂದರೆ 15 ಲಕ್ಷವಾಯಿತು. ರಿಸರ್ವ್ ಬ್ಯಾಂಕಿನ ಸರಾಸರಿಯಲ್ಲಿ ಕೇಂದ್ರದಿಂದ ಬರುತ್ತಿದ್ದ ಒಟ್ಟು ಅನುದಾನದ ಹತ್ತಿರಹತ್ತಿರ ಅಷ್ಟೇ ಮೊತ್ತ. ಅದಕ್ಕೆ ದೆಹಲಿಯ ತಲೆಬರಹ ಇರುವುದಿಲ್ಲ.

ಇದಕ್ಕೆ ಎದುರು ವಾದಗಳು ಇವೆ, ಅವು ಹಗುರವಾದವಲ್ಲ.

ಜಿಎಸ್‌ಟಿ ಕಟ್ಟುತ್ತೇವೆ, ಪೆಟ್ರೋಲಿನ ಮೇಲೆ ಕಟ್ಟುತ್ತೇವೆ, ಆದಾಯ ತೆರಿಗೆಯೂ ಇದೆ, ಇನ್ನೂ ಯಾಕೆ ಎಂದು ಕೇಳುವವರು ಇದ್ದಾರೆ. ಮೇಲೆ ಹೋದ ಹಣದಲ್ಲಿ ಹೆಚ್ಚಿನ ಪಾಲನ್ನು ಷರತ್ತಿಲ್ಲದೆ ಕೆಳಗಿಳಿಸಿ ಎನ್ನುವುದು ಸರಿಯಾದ ಬೇಡಿಕೆ. ಕೇರಳ 1996ರಲ್ಲಿ ಜನಕೀಯ ಯೋಜನೆ ಆರಂಭಿಸಿ, ರಾಜ್ಯದ ಯೋಜನಾ ವೆಚ್ಚದ ಶೇ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಡುವ ತೀರ್ಮಾನ ಮಾಡಿತು. ಗಡಿಯಾಚೆ ಕಾಸರಗೋಡಿನ ಕನ್ನಡದ ಊರುಗಳೂ ಅದರ ಫಲ ಕಂಡಿವೆ. ಕರ್ನಾಟಕವೂ ಹಾಗೆ ಮಾಡಲಿ. ಆದರೆ ಕೊಡುವ ಸರಕಾರ ಖಜಾನೆ ಬಿಗಿ ಹಿಡಿದ ವರ್ಷ ಆ ಹಣವೂ ನಿಲ್ಲುತ್ತದೆ. ಮೇಲಿನ ಪಾಲಿಗಾಗಿ ಹೋರಾಡುವುದು, ಊರಿನ ಪಾಲನ್ನು ತಾನೇ ಎತ್ತುವುದು ಎರಡೂ ಒಟ್ಟಿಗೇ ಆಗಬೇಕಾದ ಕೆಲಸ.

ಬಡವರ ಮೇಲೆ ಹೊರೆ ಬೀಳುತ್ತದೆ ಎಂಬ ಆತಂಕ ಇನ್ನೂ ತೂಕದ್ದು. ಆದರೆ ತೆರಿಗೆ ಕಟ್ಟಡದ ಮೌಲ್ಯದ ಮೇಲೆ ನಿಂತರೆ ಹಳೆಯ ಹೆಂಚಿನ ಮನೆಗೂ ಎರಡಂತಸ್ತಿನ ಬಂಗಲೆಗೂ ಒಂದೇ ಭಾರ ಬೀಳುವುದಿಲ್ಲ. ಸ್ವಂತ ನಿಧಿ ಬೆಳೆದಷ್ಟೂ ಅದರಲ್ಲಿ ಪರಿಶಿಷ್ಟರ, ವಿಕಲಚೇತನರ ಮೀಸಲೂ ಬೆಳೆಯುತ್ತದೆ. ನಿಜವಾಗಿ ಬಡವರಿಗೆ ನಷ್ಟವಾಗುವುದು ಈಗಿನ ವ್ಯವಸ್ಥೆಯಲ್ಲಿ. ಬಂಗಲೆಯವರು ಸ್ವಂತ ಬೋರ್‌ವೆಲ್ ಕೊರೆಸಿ, ಮಕ್ಕಳನ್ನು ಶಾಲಾ ವ್ಯಾನಿಗೆ ಹತ್ತಿಸಿ ಪಂಚಾಯತ್ ಹಂಗಿಲ್ಲದೆ ಬದುಕಬಲ್ಲರು. ಪಂಚಾಯತ್ ನಲ್ಲಿಯಲ್ಲಿ ನೀರು ಬರದಿದ್ದರೆ ಕೊಡ ಹೊರುವವರು, ಸಂಕ ಮುರಿದರೆ ಹೊಳೆಗಿಳಿಯುವವರು ಬೇರೆಯವರು.

ಕೊಟ್ಟ ಹಣವನ್ನು ತಿಂದುಬಿಟ್ಟರೆ? ಎಲ್ಲಕ್ಕಿಂತ ಗಟ್ಟಿಯಾದ ಪ್ರಶ್ನೆ ಇದೇ. ನನ್ನ ಉತ್ತರ: ಅನುದಾನದ ಹಣ ಸೋರಿದರೆ ನಾವು ಅಷ್ಟು ಸಂಕಟಪಡುವುದಿಲ್ಲ, ಏಕೆಂದರೆ ಅದನ್ನು ನಮ್ಮದೆಂದು ಎಣಿಸಿಯೇ ಇಲ್ಲ. ವಾರಾಹಿ ನೀರಾವರಿ ಯೋಜನೆಯನ್ನೇ ನೋಡಿ. 1979ರಲ್ಲಿ 9.43 ಕೋಟಿ ರೂಪಾಯಿ ಅಂದಾಜಿನಲ್ಲಿ ಹೊರಟ ಕೆಲಸ ನೂರಾರು ಕೋಟಿ ನುಂಗಿ ದಶಕಗಳ ಕಾಲ ಎಳೆದಾಡಿತು. ರೈತರು ನೀರಿಗಾಗಿ ಪ್ರತಿಭಟಿಸಿದರು. ಹಣದ ಲೆಕ್ಕ ಕೇಳುವ ಜಾಗ ಮಾತ್ರ ಊರಿನಲ್ಲಿ ಎಲ್ಲೂ ಇರಲಿಲ್ಲ. ಅದೇ ಊರಿನವರು ದೇವಸ್ಥಾನದ ಬ್ರಹ್ಮಕಲಶೋತ್ಸವ ಮುಗಿದ ಮೇಲೆ ಏನು ಮಾಡುತ್ತಾರೆ? ಜೀರ್ಣೋದ್ಧಾರ ಸಮಿತಿಯ ಸಭೆ ಸೇರುತ್ತದೆ. ಶಾಮಿಯಾನದ ಬಾಡಿಗೆ, ಅನ್ನಸಂತರ್ಪಣೆಯ ಅಕ್ಕಿ, ವಾದ್ಯದವರ ಸಂಭಾವನೆ ಒಂದೊಂದಾಗಿ ಓದುತ್ತಾರೆ. ಐದುನೂರು ರೂಪಾಯಿಯ ರಶೀದಿ ಪಟ್ಟಿಯಲ್ಲಿ ಕಾಣದಿದ್ದರೆ ಕೊಟ್ಟವನು ಎದ್ದು ನಿಲ್ಲುತ್ತಾನೆ. ಲೆಕ್ಕ ಕೇಳುವ ಬುದ್ಧಿ ನಮ್ಮವರಿಗೆ ಇಲ್ಲವೆನ್ನಲಾಗದು. ತಾನು ಕೊಟ್ಟದ್ದರ ಲೆಕ್ಕವನ್ನು ಕೇಳುತ್ತಾರೆ, ಅಷ್ಟೇ.

ಪಂಚಾಯತ್‌ನಲ್ಲಿ ಹೀಗೆ ಎದ್ದು ನಿಲ್ಲಲು ಒಂದು ದಿನವನ್ನು ನಿಯಮವೇ ಗೊತ್ತುಮಾಡಿದೆ. 2000ನೇ ಇಸವಿಯಲ್ಲಿ ರೂಪಿಸಿದ ನಿಯಮದಂತೆ ಪ್ರತಿವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಪ್ರತಿ ಗ್ರಾಮ ಪಂಚಾಯತ್‌ನಲ್ಲೂ ಜಮಾಬಂದಿ ನಡೆಯಬೇಕು. ಹಿಂದಿನ ಆರ್ಥಿಕ ವರ್ಷದ ಜಮೆ-ಖರ್ಚು, ವೋಚರು, ಕಡತಗಳನ್ನು ಸಾರ್ವಜನಿಕರೆದುರು ಪರಿಶೀಲಿಸಬೇಕು. ನಡೆದ ಕಾಮಗಾರಿಗಳನ್ನು ಸ್ಥಳಕ್ಕೇ ಹೋಗಿ ನೋಡಬೇಕು. ಲೆಕ್ಕ ಪರಿಶೋಧಕರ ವರದಿಯಂತೆ ಇದು ಕಡತದೊಳಗೆ ಮುಗಿಯುವ ವಿಚಾರವಲ್ಲ. ಮೂವತ್ತು ಮೀಟರ್ ರಸ್ತೆಯನ್ನು ಯಾರು ಬೇಕಾದರೂ ಟೇಪು ಹಿಡಿದು ಅಳೆಯಬಹುದು. ಆದರೆ ಗ್ರಾಮಸಭೆಗೆ ಮನೆ, ಸೈಟು, ಪಿಂಚಣಿಯ ಅರ್ಜಿ ಹಿಡಿದು ಬರುವಷ್ಟು ಜನ ಜಮಾಬಂದಿಗೆ ಬರುವುದಿಲ್ಲ. ಅಲ್ಲಿ ಏನೂ ಸಿಗುವುದಿಲ್ಲ, ಕೇಳುವುದಷ್ಟೇ ಇರುವುದು. ಕೇಳಬೇಕು ಎನಿಸಲು ಕೊಟ್ಟಿರಬೇಕು. ತೆರಿಗೆ ಮತ್ತು ಜಮಾಬಂದಿ ಒಂದಕ್ಕೊಂದು ಬೇಕಾಗುವುದು ಇಲ್ಲಿ. ಲೆಕ್ಕ ತೋರಿಸದೆ ತೆರಿಗೆ ಏರಿಸಿದರೆ ಅದು ಸುಲಿಗೆ. ತೆರಿಗೆ ಕೊಡದವರಿಗೆ ಲೆಕ್ಕ ತೋರಿಸಿದರೆ ಖಾಲಿ ಕುರ್ಚಿಗಳ ಸಭೆ.

ಈ ನೆಲಕ್ಕೆ ಇದು ಹೊಸ ಪಾಠವಲ್ಲ. 1990ರ ದಶಕದ ನಡುವಿನಲ್ಲೇ ಕುಂದಾಪುರ ತಾಲೂಕಿನ ಕೆಲವು ಪಂಚಾಯತ್‌ಗಳಲ್ಲಿ, ದುಡಿಯುವ ಮಕ್ಕಳ ಪರವಾಗಿ ಕೆಲಸ ಮಾಡುತ್ತಿದ್ದ ಸಿಡಬ್ಲ್ಯುಸಿ ಸಂಸ್ಥೆಯ ಬೆಂಬಲದಿಂದ ಮಕ್ಕಳ ಪಂಚಾಯತ್‌ಗಳು ಹುಟ್ಟಿದವು. ಮಕ್ಕಳು ಚುನಾವಣೆ ನಡೆಸಿಕೊಂಡರು. ಶಾಲೆಯ ದಾರಿ, ಸಂಕ, ನೀರು, ಅಂಗನವಾಡಿಯ ಪ್ರಶ್ನೆಗಳನ್ನು ದೊಡ್ಡವರೆದುರು ಇಟ್ಟರು. ಮುಂದೆ ಮಕ್ಕಳ ಗ್ರಾಮಸಭೆ ರಾಜ್ಯದ ಎಲ್ಲ ಪಂಚಾಯತ್‌ಗಳೂ ನಡೆಸಬೇಕಾದ ಸಭೆಯಾಯಿತು. ಓಟಿನ ಹಕ್ಕಿಲ್ಲದ ಮಕ್ಕಳು ಊರಿನ ಗರಜನ್ನು ಪಟ್ಟಿ ಮಾಡಿ ಕೊಡಬಲ್ಲರಾದರೆ, ಆ ಪಟ್ಟಿಯ ಪಕ್ಕದಲ್ಲಿ ಹಣದ ಅಂಕಿ ಬರೆಯುವುದು ದೊಡ್ಡವರಿಗೆ ಏಕೆ ಕಷ್ಟ? ಹಣವಿಲ್ಲ ಎಂಬುದು ಅರ್ಧ ಉತ್ತರ. ಇದ್ದ ಹಣ ಆ ಪಟ್ಟಿಗೆ ಒದಗುವಂಥದ್ದಲ್ಲ ಎಂಬುದು ಇನ್ನರ್ಧ.

ಮೇಲಿನ ಹಂತಗಳ ಸ್ಥಿತಿ ನೋಡಿದರೆ ಗ್ರಾಮ ಪಂಚಾಯತ್ ತನ್ನ ಕಾಲ ಮೇಲೆ ನಿಲ್ಲುವ ಅಗತ್ಯ ಇನ್ನೂ ಸ್ಪಷ್ಟವಾಗುತ್ತದೆ. ನೀರ್ ಸಾಬ್ ಎಂದೇ ಹೆಸರಾದ ಸಚಿವ ಅಬ್ದುಲ್ ನಜೀರ್ ಸಾಬ್ 1983ರ ಕಾಯ್ದೆಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತ್‌ಗಳಿಗೆ ಅಧಿಕಾರ ಇಳಿಸಿದಾಗ ದೇಶವೇ ಕರ್ನಾಟಕದತ್ತ ನೋಡಿತ್ತು. ಅದೇ ರಾಜ್ಯದಲ್ಲಿ 2016ರಲ್ಲಿ ಆಯ್ಕೆಯಾದ ತಾಲೂಕು, ಜಿಲ್ಲಾ ಪಂಚಾಯತ್‌ಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಅಧಿಕಾರಿಗಳೇ ಆಡಳಿತ ನಡೆಸಿದರು. ಚುನಾಯಿತ ಮಂಡಳಿ ಇಲ್ಲದ ಸಂಸ್ಥೆಗೆ ಹಣಕಾಸು ಆಯೋಗದ ಅನುದಾನ ಇಲ್ಲ ಎಂಬ ಷರತ್ತು ಬೇರೆ. ಚುನಾವಣೆ ನಡೆಸದ ತಪ್ಪು ಬೆಂಗಳೂರಿನದು. ದಂಡ ತೆತ್ತವರು ಹಳ್ಳಿಯವರು. ಇನ್ನೊಬ್ಬರ ಕೈಯ ಹಣವನ್ನು ನಂಬಿ ಕೂತವರಿಗೆ ಇಂಥ ದಂಡ ತಪ್ಪುವುದಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ಕೋಟೇಶ್ವರದಂಥ ಪಂಚಾಯತ್ ಮೂರು ಕೆಲಸಗಳನ್ನು ಸರಕಾರದ ಆದೇಶಕ್ಕೆ ಕಾಯದೆ ಮಾಡಬಹುದು. ತೆರಿಗೆಯ ಬೇಡಿಕೆ, ವಸೂಲಿ, ಬಾಕಿಯ ಪಟ್ಟಿಯನ್ನು ವಾರ್ಡುವಾರು ಪಂಚಾಯತ್ ಗೋಡೆಯ ಮೇಲೆ ಹಾಕುವುದು. ದೊಡ್ಡ ವಾಣಿಜ್ಯ ಕಟ್ಟಡಗಳ ಬಾಕಿ ಮೊದಲ ಸಾಲಿನಲ್ಲಿರಲಿ. ಕಾಯ್ದೆಯ ಮಿತಿಯೊಳಗೆ ದರ ಏರಿಸುವ ಠರಾವನ್ನು, ಆ ಹೆಚ್ಚುವರಿ ಹಣ ಯಾವ ಕೆಲಸಕ್ಕೆಂಬ ಪಟ್ಟಿಯ ಜತೆಗೇ ಗ್ರಾಮಸಭೆಯಲ್ಲಿ ಇಡುವುದು. ಜಮಾಬಂದಿಯನ್ನು ಭಾನುವಾರ ಇಟ್ಟು, ಪರವೂರಿನಲ್ಲಿರುವ ತೆರಿಗೆದಾರರಿಗೂ ಲೆಕ್ಕದ ಪ್ರತಿ ತಲುಪಿಸುವುದು.

ಮತ ಹೋಗುತ್ತದೆ ಎಂದು ಸದಸ್ಯರು ಹೆದರುತ್ತಾರೆ. ಹೆದರಿಕೆ ಸಹಜ, ತೆರಿಗೆ ಏರಿಸಿ ಗೆದ್ದವರ ಉದಾಹರಣೆ ಅವರ ಕಣ್ಣೆದುರು ಇಲ್ಲ. ಹಾಗಾಗಿ ಮೊದಲ ವರ್ಷದ ಹೆಚ್ಚುವರಿ ಹಣವನ್ನು ವಾರ್ಡುಗಳಿಗೆ ಹಂಚದೆ ಒಂದೇ ಕೆಲಸಕ್ಕೆ ಹಾಕಲಿ: ಮಕ್ಕಳ ಗ್ರಾಮಸಭೆ ಅತ್ಯಂತ ಅಪಾಯದ್ದೆಂದು ಗುರುತಿಸಿದ ಸಂಕಕ್ಕೋ ದಾರಿಗೋ. ಆ ಕೆಲಸದ ಅಂದಾಜುಪಟ್ಟಿ, ಗುತ್ತಿಗೆದಾರನ ಬಿಲ್ಲು, ಅಳತೆಯನ್ನು ಜಮಾಬಂದಿಯಲ್ಲಿ ಓದಿಹೇಳಲಿ. ಅದರಲ್ಲಿ ಐದು ಚೀಲ ಸಿಮೆಂಟು ಕಡಿಮೆ ಬಿದ್ದಿದ್ದರೂ ಈ ಸಲ ಎದ್ದು ಕೇಳುವವರಿರುತ್ತಾರೆ. ಹಾಗೆ ಕೇಳುವವರು ಹುಟ್ಟದಿದ್ದರೆ ಮರುವರ್ಷ ತೆರಿಗೆ ಏರಿಸುವ ನೈತಿಕ ಹಕ್ಕು ಪಂಚಾಯತ್‌ಗೂ ಇರುವುದಿಲ್ಲ; ಅನುದಾನ ಸಾಲದೆಂದು ದೂರುವ ಹಕ್ಕು ನಮಗೂ ಇರುವುದಿಲ್ಲ.